ಸೂಜಿ ಚಿಕಿತ್ಸೆಯ ಹೆಸರಲ್ಲಿ ಮಗುವಿನ ಖಾತರಿ ಬೇಡ

ಮಾನ್ಯ ಸಂಪಾದಕರೇ,

‘ಆಪರೇಷನ್ ಇಲ್ಲದೆ ಚಾಕೊಲೇಟ್ ಸಿಸ್ಟ್ ಕರಗಿಸುತ್ತೇವೆ’, ‘ಅಕ್ಯುಪಂಕ್ಚರ್ ಜೊತೆಗಿದ್ದರೆ ಐವಿಎಫ್ ಕೈಕೊಡುವುದಿಲ್ಲ’ ಎಂಬ ಬಗೆಯ ಜಾಹೀರಾತುಗಳು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಬಡಾವಣೆಗಳ ಬೋರ್ಡುಗಳಲ್ಲೂ ಕಾಣಸಿಗುತ್ತಿವೆ. ತಿಂಗಳು ತಿಂಗಳೂ ನೋವು ತಿನ್ನುತ್ತಾ ಮಗುವಿಗಾಗಿ ಕಾದಿರುವ ಹೆಣ್ಣುಮಕ್ಕಳು ಇಂಥ ಮಾತಿಗೆ ಮಾರುಹೋಗುವುದು ಸಹಜ. ಈ ಪತ್ರ ಬರೆಯುತ್ತಿರುವ ನಮ್ಮಿಬ್ಬರಲ್ಲಿ ಒಬ್ಬರು ಸ್ತ್ರೀರೋಗ ವೈದ್ಯೆ, ಇನ್ನೊಬ್ಬರು ಅಕ್ಯುಪಂಕ್ಚರ್ ಕಲಿತು ಮಾಡುವ ಪ್ರಕೃತಿ ಚಿಕಿತ್ಸಾ ವೈದ್ಯೆ. ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯನ್ನು ಹಳಿಯಲು ನಾವು ಬರೆಯುತ್ತಿಲ್ಲ. ಚಾಕೊಲೇಟ್ ಸಿಸ್ಟ್‌ಗೆ ಮೂಲವಾದ ಎಂಡೊಮೆಟ್ರಿಯೋಸಿಸ್ ಕಾಯಿಲೆಯ ನೋವಿಗೆ ಅದು ಕೆಲವರಿಗೆ ನಿಜವಾಗಿ ನೆರವಾಗುತ್ತದೆ. ಆದರೆ ಅದರಿಂದ ಸಿಸ್ಟ್ ಕರಗುವುದಿಲ್ಲ. ಮಗು ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಇವೆರಡನ್ನೂ ಕಲಸಿ ಮಾರುವುದರಿಂದ ಹಣ ಹೋಗುವುದು ಒಂದು ಕಡೆ, ಮರಳಿ ಬಾರದ ತಿಂಗಳುಗಳು ಹೋಗುವುದು ಇನ್ನೊಂದು ಕಡೆ. ನಮ್ಮ ಆತಂಕ ಎರಡನೆಯದರ ಬಗ್ಗೆ.

ಮೊದಲು ಕಾಯಿಲೆಯ ವಿಚಾರ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಗರ್ಭಕೋಶದ ಹಿಂದಿನ ಗುಳಿಯಲ್ಲಿ, ಮೂತ್ರಕೋಶ ಅಥವಾ ಕರುಳಿನ ಮೇಲೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂಡಾಶಯದೊಳಗೆ ಹಳೆಯ ರಕ್ತ ಕಂದು ಬಣ್ಣಕ್ಕೆ ತಿರುಗಿ ತುಂಬಿಕೊಂಡದ್ದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಮುಟ್ಟಿಗೆ ಮುಂಚಿನಿಂದಲೇ ಶುರುವಾಗುವ ಕಿಬ್ಬೊಟ್ಟೆ ನೋವು, ಸೊಂಟ ಸೀಳುವಂಥ ಸೆಳೆತ, ದಾಂಪತ್ಯದ ಸಮಯದಲ್ಲಿ ಆಳದಲ್ಲಿ ನೋವು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಹೋದರೆ ಪ್ರಾಣ ಹೋಗುವಂಥ ಯಾತನೆ ಇದರ ಮುಖ್ಯ ಲಕ್ಷಣಗಳು. ‘ಮುಟ್ಟು ಅಂದರೆ ನೋವು ಇದ್ದದ್ದೇ’, ‘ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ’ ಎಂದು ಮನೆಯಲ್ಲೂ, ಕೆಲವೊಮ್ಮೆ ಕ್ಲಿನಿಕ್‌ನಲ್ಲೂ ಹೇಳಿಬಿಡುವುದರಿಂದ ಕಾಯಿಲೆ ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಹೊಟ್ಟೆಯ ಒಳಪೊರೆಯ ಮೇಲಿನ ಸಣ್ಣ ಕಲೆಗಳು ಸಾಮಾನ್ಯವಾಗಿ ಸ್ಕ್ಯಾನ್‌ಗೆ ಸಿಗುವುದಿಲ್ಲ.

ನಮ್ಮ ದೇಶಕ್ಕೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಗರ್ಭಕೋಶ ಮತ್ತು ಗರ್ಭನಾಳದ ಕ್ಷಯ ಇಲ್ಲಿ ಬಂಜೆತನದ ದೊಡ್ಡ ಕಾರಣಗಳಲ್ಲೊಂದು. ಅದರಲ್ಲೂ ಕಿಬ್ಬೊಟ್ಟೆ ನೋವಿರುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣಿಸಬಹುದು. ಕ್ಷಯಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ತಪ್ಪದೆ ನುಂಗುವ ಕ್ಷಯದ ಮಾತ್ರೆ. ಯಾವುದೆಂದು ಖಚಿತವಾಗುವ ಮೊದಲೇ ಸೂಜಿಗೆ ಕೂರಿಸಿದರೆ ನೋವು ಸ್ವಲ್ಪ ತಗ್ಗುತ್ತದೆ, ಒಳಗೆ ಗರ್ಭನಾಳ ಹಾಳಾಗುತ್ತಲೇ ಇರುತ್ತದೆ. ಹಾಗೆಯೇ, ಮಕ್ಕಳಾಗಲಿಲ್ಲವೆಂದು ಹೆಂಡತಿಗೆ ಹತ್ತಾರು ಸಿಟ್ಟಿಂಗ್‌ಗಳ ಪ್ಯಾಕೇಜ್ ಕೊಟ್ಟು, ಗಂಡನ ವೀರ್ಯ ಪರೀಕ್ಷೆಯನ್ನೇ ಮಾಡಿಸದ ಕಡೆಗಳಿವೆ. 2ರಿಂದ 7 ದಿನ ವೀರ್ಯಸ್ಖಲನವಿಲ್ಲದೆ ಇದ್ದು ಕೊಡುವ ಒಂದು ಮಾದರಿ ಮೊದಲಿಗೆ ಸಾಕು, ಕೆಲವೇ ನೂರು ರೂಪಾಯಿಯ ಖರ್ಚು. ಅದು ಮೊದಲ ವಾರದಲ್ಲೇ ಆಗಬೇಕಾದ ಕೆಲಸ.

ಇನ್ನು ಸೂಜಿ ಏನು ಮಾಡುತ್ತದೆ? ಚರ್ಮ ಮತ್ತು ಸ್ನಾಯುವಿನ ಸಣ್ಣ ನರಗಳನ್ನು ಅದು ಕೆರಳಿಸುತ್ತದೆ. ಆ ಸಂದೇಶ ಬೆನ್ನುಹುರಿಗೂ ಮಿದುಳಿಗೂ ತಲುಪಿ, ದೇಹ ತಾನೇ ತಯಾರಿಸುವ ನೋವುನಿವಾರಕ ಎಂಡಾರ್ಫಿನ್‌ಗಳು ಬಿಡುಗಡೆಯಾಗುತ್ತವೆ. ಕೆಳಗಿನಿಂದ ಬರುವ ನೋವಿನ ಸಂದೇಶಕ್ಕೆ ಮೇಲಿನಿಂದ ಕಡಿವಾಣ ಬೀಳುತ್ತದೆ. ವರ್ಷಾನುಗಟ್ಟಲೆ ನೋವುಂಡ ಹೆಣ್ಣುಮಕ್ಕಳಲ್ಲಿ ನರಮಂಡಲವೇ ಅತಿಸೂಕ್ಷ್ಮವಾಗಿಬಿಟ್ಟಿರುತ್ತದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಕಲೆಗಳನ್ನೆಲ್ಲ ಚೆನ್ನಾಗಿ ತೆಗೆದರೂ ಕೆಲವರಿಗೆ ನೋವು ಉಳಿಯಲು ಇದೂ ಒಂದು ಕಾರಣ. ಸೂಜಿ ಚಿಕಿತ್ಸೆ ಕೆಲಸಕ್ಕೆ ಬರುವುದು ಇಲ್ಲಿ, ಅದೂ ಪೆಲ್ವಿಕ್ ಫಿಸಿಯೊಥೆರಪಿ, ನಿದ್ದೆ, ನಡಿಗೆಗಳ ಜೊತೆ ಸೇರಿದಾಗ. ಅಂಟಿಕೊಂಡ ಕರುಳನ್ನು ಬಿಡಿಸುವ, ಮುಚ್ಚಿದ ಗರ್ಭನಾಳವನ್ನು ತೆರೆಯುವ, ನಾಲ್ಕು ಸೆಂಟಿಮೀಟರ್‌ನ ಸಿಸ್ಟನ್ನು ಕರಗಿಸುವ ಶಕ್ತಿ ಸೂಜಿಗಿಲ್ಲ. ಮೂರು ತಿಂಗಳ ಬಳಿಕದ ಸ್ಕ್ಯಾನ್‌ನಲ್ಲಿ ಸಿಸ್ಟ್ ಮಾಯವಾಗಿದ್ದರೆ ಅದು ಬಹುತೇಕ ಅಂಡೋತ್ಪತ್ತಿಯ ನಂತರ ತಾನಾಗಿ ಬಂದು ಹೋಗುವ ರಕ್ತದ ಸಿಸ್ಟ್ ಆಗಿದ್ದಿರಬೇಕು. ಮೊದಲ ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಥರ ಕಾಣುವುದುಂಟು. ಅದಕ್ಕೇ ಆರರಿಂದ ಹನ್ನೆರಡು ವಾರ ಬಿಟ್ಟು, ಮುಟ್ಟು ಮುಗಿದ ಕೂಡಲೇ ಮತ್ತೊಂದು ಸ್ಕ್ಯಾನ್ ಮಾಡಿಸಿ ಎನ್ನುವುದು. ‘ನಮ್ಮಲ್ಲಿ ಕರಗಿತು’ ಎಂದು ಹಂಚುವ ರಿಪೋರ್ಟ್‌ಗಳನ್ನು ಓದುವಾಗ ಇದು ನೆನಪಿರಲಿ.

ನೋವಿನ ಬಗ್ಗೆ ಇರುವ ಸಂಶೋಧನೆ ಕಡಿಮೆ, ಆದರೆ ಇದೆ. ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆಗೆ ಸಿಕ್ಕಿದ್ದು 67 ಮಹಿಳೆಯರ ಒಂದೇ ಒಂದು ಪ್ರಯೋಗ. 2023ರಲ್ಲಿ ಚೀನಾದ ಹಲವು ಆಸ್ಪತ್ರೆಗಳು ಸೇರಿ 106 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ವಿವರ ಪ್ರಕಟವಾಯಿತು. ಅರ್ಧ ಜನರಿಗೆ ನಿಜವಾದ ಸೂಜಿ, ಉಳಿದವರಿಗೆ ಹೋಲಿಕೆಗಾಗಿ ಹುಸಿ ಸೂಜಿ, ಅಂದರೆ ಚಿಕಿತ್ಸೆಯಂತೆ ತೋರುವ ಆದರೆ ನಿಜ ಚಿಕಿತ್ಸೆಯಲ್ಲದ ಸೂಜಿ. 12 ವಾರಗಳ ಕೊನೆಗೆ ಮುಟ್ಟಿನ ನೋವು ನಿಜ ಸೂಜಿಯವರಲ್ಲಿ ಹೆಚ್ಚು ತಗ್ಗಿತ್ತು. ಚಿಕಿತ್ಸೆ ನಿಲ್ಲಿಸಿದ ಮೇಲೆ ಆ ಅನುಕೂಲ ಉಳಿಯಲಿಲ್ಲ. ಈ ಎರಡನೆಯ ಅರ್ಧವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆ ಎಶ್ರೆ 2022ರ ತನ್ನ ಮಾರ್ಗಸೂಚಿಯಲ್ಲಿ, ಲಾಭ ಹಾನಿ ಎರಡೂ ಸ್ಪಷ್ಟವಾಗಿಲ್ಲದ ಕಾರಣ ಅಕ್ಯುಪಂಕ್ಚರ್ ಸೇರಿದಂತೆ ಔಷಧವಲ್ಲದ ಯಾವ ವಿಧಾನವನ್ನೂ ನಿರ್ದಿಷ್ಟವಾಗಿ ಶಿಫಾರಸು ಮಾಡಲಾಗದು ಎಂದಿದೆ. ಮಾಡಿಸಲೇಬೇಡಿ ಎಂದು ಅದು ಹೇಳಿಲ್ಲ. ನೋವಿನ ಮಾತ್ರೆ ಹೊಟ್ಟೆಗೆ ಆಗದವರು, ಡೈನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಂಡರೂ ನೋವು ಉಳಿದವರು, ಮಗುವಿಗಾಗಿ ಪ್ರಯತ್ನಿಸುತ್ತಿರುವುದರಿಂದ ಹಾರ್ಮೋನ್ ಮಾತ್ರೆಯನ್ನೇ ತೆಗೆದುಕೊಳ್ಳಲಾಗದವರು 12 ವಾರಗಳ ಮಟ್ಟಿಗೆ ಪ್ರಯತ್ನಿಸಿ ನೋಡುವುದರಲ್ಲಿ ಅರ್ಥವಿದೆ ಎಂಬುದು ನಮ್ಮಿಬ್ಬರ ಅಭಿಪ್ರಾಯ.

ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವ ಐವಿಎಫ್ ವಿಚಾರ ಬೇರೆ. ಇಲ್ಲಿ ಸಂಶೋಧನೆ ಸಾಕಷ್ಟು ನಡೆದಿದೆ, ಉತ್ತರವೂ ಬಹುಮಟ್ಟಿಗೆ ಬಂದಿದೆ. 2002ರಲ್ಲಿ ಜರ್ಮನಿಯ 160 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಭ್ರೂಣ ಇಡುವ ಮುಂಚೆ 25 ನಿಮಿಷ, ಇಟ್ಟ ಮೇಲೆ 25 ನಿಮಿಷ ಸೂಜಿ ಚಿಕಿತ್ಸೆ ಪಡೆದವರಲ್ಲಿ ಗರ್ಭ ನಿಂತ ಪ್ರಮಾಣ ಶೇ 42.5, ಪಡೆಯದವರಲ್ಲಿ ಶೇ 26.3. ಇಂದಿಗೂ ನಗರದ ಕರಪತ್ರಗಳಲ್ಲಿ ಕಾಣುವುದು ಇದೇ ಅಂಕಿ. ಆದರೆ ಅಲ್ಲಿ ಹುಸಿ ಸೂಜಿಯ ಗುಂಪು ಇರಲಿಲ್ಲ. ಸೂಜಿ ಇಲ್ಲದವರು ಸುಮ್ಮನೆ ಮಲಗಿದ್ದರು ಅಷ್ಟೆ. ಅಳೆದದ್ದು ಗರ್ಭ ನಿಂತದ್ದನ್ನೇ ಹೊರತು ಮಗು ಹುಟ್ಟಿದ್ದನ್ನಲ್ಲ. 2018ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 16 ಐವಿಎಫ್ ಕೇಂದ್ರಗಳಲ್ಲಿ 848 ಮಹಿಳೆಯರ ಮೇಲೆ ಇದಕ್ಕಿಂತ ಬಹಳ ಎಚ್ಚರದಿಂದ ನಡೆಸಿದ ಪ್ರಯೋಗ ಬಂತು. ಅಂಡಾಣು ಬೆಳೆಸುವ ಚುಚ್ಚುಮದ್ದಿನ 6ರಿಂದ 8ನೇ ದಿನದ ನಡುವೆ ಒಮ್ಮೆ, ಭ್ರೂಣ ಇಡುವ ದಿನ ಮುಂಚೆ ಮತ್ತು ನಂತರ ಸೂಜಿ ಹಾಕಿದರು. ಮಗು ಹುಟ್ಟಿದ ಪ್ರಮಾಣ ನಿಜ ಸೂಜಿಯವರಲ್ಲಿ ಶೇ 18.3, ಹುಸಿ ಸೂಜಿಯವರಲ್ಲಿ ಶೇ 17.8. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಅದಕ್ಕೂ ಮುಂಚೆ, 2017ರಲ್ಲೇ, ಭ್ರೂಣ ಇಡುವ ಹೊತ್ತಿನ ಅಕ್ಯುಪಂಕ್ಚರ್‌ನಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚುವುದಿಲ್ಲ ಎಂದು ಅಮೆರಿಕದ ಸಂತಾನ ಚಿಕಿತ್ಸಾ ತಜ್ಞರ ಸಂಘ ತನ್ನ ಮಾರ್ಗಸೂಚಿಯಲ್ಲಿ ಬರೆದಿತ್ತು. ಅದೇ ವರ್ಷ, ಅಂಡೋತ್ಪತ್ತಿ ಸರಿಯಾಗಿ ಆಗದ ಪಿಸಿಓಎಸ್ ತೊಂದರೆ ಇರುವ 1000 ಮಹಿಳೆಯರ ಚೀನಾದ ಪ್ರಯೋಗದಲ್ಲೂ ಸೂಜಿಯಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ.

ಐವಿಎಫ್ ನಡೆಯುವಾಗ ಸೂಜಿಯೇ ಬೇಡವೇ ಎಂದು ಕೇಳಬಹುದು. ಆ ದಿನಗಳ ದಿಗಿಲು, ನಿದ್ದೆಗೇಡು, ಹೊಟ್ಟೆಯ ಬಿಗಿತ ಚಿಕ್ಕವಲ್ಲ. ಅರ್ಧ ಗಂಟೆ ಮೌನವಾಗಿ ಮಲಗಿ ಹಗುರಾದೆ ಅನ್ನಿಸಿದರೆ ಅದಕ್ಕೂ ಬೆಲೆಯಿದೆ. ಆ ಕಾರಣವನ್ನು ಆ ಕಾರಣವೆಂದೇ ಹೇಳಿ ಮಾಡಬೇಕು, ಅಷ್ಟೇ.

ಮಾಡಿಸಿಕೊಳ್ಳುವವರಿಗೆ ಈಗ ಕೆಲಸದ ವಿವರಗಳು. ಸೂಜಿ ಕೂದಲೆಳೆಯಂತೆ ತೆಳ್ಳಗೆ, 0.16ರಿಂದ 0.30 ಮಿಲಿಮೀಟರ್ ದಪ್ಪ. ಉದ್ದ ಸಾಮಾನ್ಯವಾಗಿ 25ರಿಂದ 40 ಮಿಲಿಮೀಟರ್. ಒಂದೊಂದೂ ಮುಚ್ಚಿದ ಪೊಟ್ಟಣದಲ್ಲಿರಬೇಕು, ಪೊಟ್ಟಣವನ್ನು ನಿಮ್ಮೆದುರೇ ಹರಿಯಬೇಕು, ಅವಧಿ ಮುಗಿಯುವ ತಾರೀಖು ಅದರ ಮೇಲಿರಬೇಕು. ‘ಇದು ನಿಮ್ಮದೇ ಸೂಜಿ, ಸ್ಪಿರಿಟ್‌ನಲ್ಲಿ ಒರೆಸಿ ಡಬ್ಬಿಯಲ್ಲಿಟ್ಟಿದ್ದೇವೆ’ ಎಂದರೆ ಎದ್ದು ಬನ್ನಿ. ಸ್ಪಿರಿಟ್ ಒರೆಸಿದರೆ ಸೂಜಿ ಕ್ರಿಮಿರಹಿತವಾಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸೂ, ಚರ್ಮದಡಿ ತಿಂಗಳುಗಟ್ಟಲೆ ಕೀವುಗಂಟು ತರುವ ಮೈಕೋಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಾಣುಗಳೂ ಹೀಗೆ ಹರಡಿದ ದಾಖಲೆಗಳಿವೆ. ಐವಿಎಫ್‌ಗೆ ಹೊರಟವರಿಗೆ ಅಂಥದ್ದೊಂದು ಸೋಂಕು ತಗುಲಿದರೆ ಇಡೀ ಚಿಕಿತ್ಸೆಯೇ ಮುಂದಕ್ಕೆ ಹೋಗುತ್ತದೆ.

ಒಂದು ಸಿಟ್ಟಿಂಗ್‌ನಲ್ಲಿ ಎಂಟರಿಂದ ಹದಿನೈದು ಸೂಜಿ, 20ರಿಂದ 30 ನಿಮಿಷ. ಮುಟ್ಟಿನ ನೋವಿಗೆ ಹೆಚ್ಚಾಗಿ ಬಳಸುವ ಬಿಂದುಗಳೆಂದರೆ ಕಾಲಿನ ಒಳಬದಿಯ ಹರಡಿನ ಮೂಳೆಯಿಂದ ನಾಲ್ಕು ಬೆರಳು ಮೇಲಿರುವ ಎಸ್‌ಪಿ6, ಮಂಡಿಯ ಕೆಳಗಿನ ಎಸ್‌ಟಿ36, ಕಾಲ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಎಲ್‌ಆರ್3, ಹೊಕ್ಕುಳಿಂದ ನಾಲ್ಕು ಬೆರಳು ಕೆಳಗಿನ ಸಿವಿ4, ಸೊಂಟದ ಕೆಳಗಿನ ತ್ರಿಕಾಸ್ಥಿಯ ರಂಧ್ರದ ಮೇಲಿನ ಬಿಎಲ್32. ಸೂಜಿ ಇಳಿದಾಗ ಮಂದವಾದ ಜೋಮು, ಭಾರ ಅನ್ನಿಸುವುದು ಸರಿ. ಕರೆಂಟ್ ಹೊಡೆದಂತೆ ಚುರುಕ್ ಎಂದರೆ ನರಕ್ಕೆ ತಾಗಿದೆ ಎಂದರ್ಥ. ತಕ್ಷಣ ಹೇಳಬೇಕು, ಅವರು ಹಿಂದೆಳೆಯಬೇಕು. ಸಹಿಸಿಕೊಂಡು ಮಲಗಿದರೆ ಗುಣ ಹೆಚ್ಚುವುದಿಲ್ಲ. ಸೂಜಿಗೆ ಸಣ್ಣ ವಿದ್ಯುತ್ ಹರಿಸುವ ವಿಧಾನವೂ ಇದೆ. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ ಅದು ಬೇಡ. ಮೊದಲ ದಿನ ಕೆಲವರಿಗೆ ತಲೆಸುತ್ತು ಬರುವುದುಂಟು, ಮುಖ್ಯ ಕಾರಣ ಖಾಲಿ ಹೊಟ್ಟೆ ಮತ್ತು ಕುಳಿತ ಭಂಗಿ. ಒಂದೆರಡು ಗಂಟೆ ಮೊದಲು ಎರಡು ಇಡ್ಲಿ ತಿಂದು ಬಂದು, ಮಲಗಿಯೇ ಹಾಕಿಸಿಕೊಂಡರೆ ಬಹುಪಾಲು ತಪ್ಪುತ್ತದೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಿ ಹಿಮೋಗ್ಲೋಬಿನ್ ಇಳಿದವರು ಇನ್ನೂ ಎಚ್ಚರವಾಗಿರಬೇಕು.

ಹೊಟ್ಟೆಯ ಮೇಲಿನ ಸೂಜಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇವೆ, ಏಕೆಂದರೆ ತಪ್ಪಾಗುವುದು ಇಲ್ಲೇ. ತೆಳ್ಳಗಿನ ಹೆಂಗಸರಲ್ಲಿ ಹೊಕ್ಕುಳ ಕೆಳಗಿನ ಹೊಟ್ಟೆಯ ಗೋಡೆ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. 40 ಮಿಲಿಮೀಟರ್ ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಿದರೆ ಅದು ಒಳಗೇ ಹೋಗುತ್ತದೆ. ಆರೋಗ್ಯವಂತರಲ್ಲಿ ಕರುಳು ಜಾರಿ ತಪ್ಪಿಸಿಕೊಳ್ಳಬಹುದು. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ, ಅದರಲ್ಲೂ ಒಮ್ಮೆ ಆಪರೇಷನ್ ಆದವರಲ್ಲಿ, ಕರುಳು ಹೊಟ್ಟೆಯ ಗೋಡೆಗೇ ಅಂಟಿಕೊಂಡಿರಬಹುದು, ಜಾರಲು ಜಾಗವಿರುವುದಿಲ್ಲ. ಆದ್ದರಿಂದ ಗಿಡ್ಡ ಸೂಜಿ, ಓರೆಯಾಗಿ, ಚರ್ಮದಡಿಯಲ್ಲೇ. ಹಾಕಿಸಿಕೊಳ್ಳುವ ಮುಂಚೆ ಮೂತ್ರಕ್ಕೆ ಹೋಗಿ ಬರಲೇಬೇಕು; ತುಂಬಿದ ಮೂತ್ರಕೋಶ ಸಿವಿ4ರ ನೇರ ಕೆಳಗೆ ಏರಿ ಬರುತ್ತದೆ. ಹಳೆಯ ಸಿಸೇರಿಯನ್ ಅಥವಾ ಲ್ಯಾಪರೋಸ್ಕೋಪಿಯ (ಸಣ್ಣ ತೂತಿನ ಮೂಲಕ ಮಾಡುವ ಆಪರೇಷನ್) ಗಾಯದ ಗುರುತಿನ ಮೇಲೆ ಸೂಜಿ ಬೇಡ.

ಲ್ಯಾಪರೋಸ್ಕೋಪಿ ಆದವರಿಗೆ ವಿಶೇಷವಾಗಿ ಹೇಳಬೇಕಾದ್ದು ಇದು. ಅರಿವಳಿಕೆ ಇಳಿದ ಮೇಲಿನ ವಾಕರಿಕೆಗೆ ಮುಂಗೈ ಒಳಬದಿಯ ಪಿಸಿ6 ಬಿಂದುವನ್ನು ಪ್ರಚೋದಿಸುವುದು ಉಪಯೋಗಕ್ಕೆ ಬರುತ್ತದೆ. ಅಕ್ಯುಪಂಕ್ಚರ್‌ನ ಅತ್ಯಂತ ಚೆನ್ನಾಗಿ ಪರೀಕ್ಷೆಗೊಳಗಾದ ಉಪಯೋಗಗಳಲ್ಲಿ ಇದೊಂದು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರಗಳಂತೆ ಎದ್ದು ಕಾಣುವ ಸ್ನಾಯುರಜ್ಜುಗಳ ನಡುವೆ ಅದು ಸಿಗುತ್ತದೆ. ಸೂಜಿಯೂ ಬೇಡ, ಬೆರಳಿನಿಂದ ಒತ್ತಿದರೂ ಆಯಿತು. ಕೈಕಾಲುಗಳ ಬಿಂದುಗಳಿಗೆ ಮೊದಲ ವಾರದ ನಂತರ ಸೂಜಿ ಹಾಕಬಹುದು. ಹೊಟ್ಟೆಯ ಮೇಲೆ, ತ್ರಿಕಾಸ್ಥಿಯ ಮೇಲೆ ನಾಲ್ಕರಿಂದ ಆರು ವಾರ ಬಿಡಬೇಕು, ಕರುಳಿನ ಭಾಗ ಕತ್ತರಿಸಿ ಹೊಲಿದಿದ್ದರೆ ಶಸ್ತ್ರಚಿಕಿತ್ಸಕರು ಹೇಳುವವರೆಗೂ ಬೇಡ. ಆಪರೇಷನ್ ಆದ ಮೊದಲ ಎರಡು ವಾರಗಳಲ್ಲಿ ಜ್ವರ, ಉಬ್ಬುತ್ತಲೇ ಹೋಗುವ ಹೊಟ್ಟೆ, ಒಂದೇ ಕಾಲಿನ ಮೀನಖಂಡದಲ್ಲಿ ಊತ, ನಿಲ್ಲದ ವಾಂತಿ ಕಾಣಿಸಿಕೊಂಡರೆ ಅದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕಾದ ಲಕ್ಷಣ. ‘ಕೆಟ್ಟ ರಕ್ತ ಹೊರಗೆ ಹೋಗುತ್ತಿದೆ, ಗುಣವಾಗುವ ಮುಂಚೆ ಹೀಗೆಲ್ಲ ಆಗುತ್ತೆ’ ಎನ್ನುವ ಸಮಾಧಾನ ಜೀವಕ್ಕೆ ಎರವಾಗಬಹುದು.

ಶಸ್ತ್ರಚಿಕಿತ್ಸೆಯ ನಂತರದ ಮಾತ್ರೆಗಳ ಬಗ್ಗೆಯೂ ಗೊಂದಲವಿದೆ. ಮಗು ಸದ್ಯಕ್ಕೆ ಬೇಡ ಎನ್ನುವವರಿಗೆ ದಿನಕ್ಕೊಂದು 2 ಮಿಲಿಗ್ರಾಂ ಡೈನೊಜೆಸ್ಟ್ ಬರೆಯುವುದು ಕಾಯಿಲೆ ಮರುಕಳಿಸದಿರಲಿ ಎಂದು. ಏನೂ ಕೊಡದೆ ಬಿಟ್ಟರೆ ಐದು ವರ್ಷಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಅದು ಮರಳುತ್ತದೆ. ಮೊದಲ ತಿಂಗಳುಗಳಲ್ಲಿ ಹನಿ ಹನಿ ರಕ್ತ ಕಾಣಿಸುವುದು ಆ ಮಾತ್ರೆಯ ಸ್ವಭಾವ. ‘ಹಾರ್ಮೋನ್ ವಿಷ, ನಿಲ್ಲಿಸಿ, ಸೂಜಿಯಲ್ಲೇ ಸರಿಮಾಡುತ್ತೇವೆ’ ಎಂದು ಹೇಳುವ ಹಕ್ಕು ಮಾತ್ರೆ ಬರೆಯದವರಿಗಿಲ್ಲ. ಮಗು ಬೇಕೆನ್ನುವವರ ಲೆಕ್ಕ ಬೇರೆ. ಆಪರೇಷನ್ ಆದ ನಂತರದ ಆರು ತಿಂಗಳಿನಿಂದ ಒಂದು ವರ್ಷ ಬಹಳ ಬೆಲೆಬಾಳುವ ಕಾಲ. ವಯಸ್ಸು, ಗರ್ಭನಾಳದ ಸ್ಥಿತಿ, ಎಷ್ಟು ವರ್ಷಗಳಿಂದ ಮಕ್ಕಳಾಗಿಲ್ಲ ಎಂಬುದನ್ನೆಲ್ಲ ಕೂಡಿಸಿ ಹತ್ತರವರೆಗೆ ಅಂಕ ಕೊಡುವ ಇಎಫ್‌ಐ ಎಂಬ ಸೂಚ್ಯಂಕವಿದೆ. ಆಪರೇಷನ್ ಮಾಡಿದವರನ್ನೇ ಅದನ್ನು ಬರೆದುಕೊಡಿ ಎಂದು ಕೇಳಿ. ಅಂಕ ಚೆನ್ನಾಗಿದ್ದರೆ ಸಹಜವಾಗಿ ಪ್ರಯತ್ನಿಸಬಹುದು, ಕಡಿಮೆಯಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಚಾಕೊಲೇಟ್ ಸಿಸ್ಟ್ ಸುಲಿದು ತೆಗೆಯುವಾಗ ಆರೋಗ್ಯವಾದ ಅಂಡಾಣುಗಳೂ ಸ್ವಲ್ಪ ಹೋಗುವುದರಿಂದ ಉಳಿದ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ಹಾರ್ಮೋನ್ ಇಳಿದಿರುತ್ತದೆ. 35 ದಾಟಿದ, ಎಎಂಎಚ್ ಇಳಿದ ಹೆಣ್ಣುಮಗಳನ್ನು ‘ಮೊದಲು ಆರು ತಿಂಗಳು ದೇಹ ಶುದ್ಧಿ ಮಾಡೋಣ, ಆಮೇಲೆ ಐವಿಎಫ್’ ಎಂದು ಕೂರಿಸುವುದು ಅನ್ಯಾಯ. ಸೂಜಿ ಬೇಕಿದ್ದರೆ ಚಿಕಿತ್ಸೆಯ ಜೊತೆಜೊತೆಗೆ ನಡೆಯಲಿ, ಅದಕ್ಕಾಗಿ ಒಂದು ತಿಂಗಳೂ ಮುಂದೂಡಬೇಡಿ.

ಐವಿಎಫ್‌ನ ಕ್ಯಾಲೆಂಡರ್‌ನಲ್ಲಿ ಸೂಜಿಗೆ ಎಲ್ಲಿ ಜಾಗ, ಎಲ್ಲಿ ಇಲ್ಲ ಎಂಬುದನ್ನೂ ತಿಳಿಸುತ್ತೇವೆ. ಚುಚ್ಚುಮದ್ದು ಶುರುವಾದ ಐದಾರು ದಿನಗಳಿಗೆ ಅಂಡಾಶಯ ಊದತೊಡಗುತ್ತದೆ. ಅಲ್ಲಿಂದ ಅಂಡಾಣು ತೆಗೆದು ಅಂಡಾಶಯ ಮೊದಲಿನ ಗಾತ್ರಕ್ಕೆ ಇಳಿಯುವವರೆಗೆ ಹೊಟ್ಟೆಗೆ ಸೂಜಿ, ಬಿಸಿ ಶಾಖ, ಮಸಾಜ್ ಯಾವುದೂ ಬೇಡ. ಊದಿದ ಅಂಡಾಶಯ ತಿರುಚಿಕೊಂಡರೆ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ ಬರುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಅಂಡಾಶಯವೇ ಹೋಗಬಹುದು. ಹೊಟ್ಟೆ ಉಬ್ಬಿ, ಮೂತ್ರ ಕಡಿಮೆಯಾಗಿ, ದಿನಕ್ಕೆ ಒಂದು ಕಿಲೋದಂತೆ ತೂಕ ಏರಿ, ಉಸಿರು ಕಟ್ಟಿದಂತಾದರೆ ಅದು ಚುಚ್ಚುಮದ್ದಿನ ಅತಿಪರಿಣಾಮ, ಅದಕ್ಕೂ ಆಸ್ಪತ್ರೆಯೇ ದಾರಿ. ಕೆಲವರಿಗೆ ಎನಾಕ್ಸಪರಿನ್ ಚುಚ್ಚುಮದ್ದು, ಆಸ್ಪಿರಿನ್ ಕೊಟ್ಟಿರುತ್ತಾರೆ. ಅವೆರಡೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥವು, ಸೂಜಿ ತೆಗೆದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು, ಆಳದ ಸೂಜಿ ಬೇಡವೇ ಬೇಡ. ಹಾಗಾಗಿ ಮಾತ್ರೆಯ ಚೀಟಿಯನ್ನು ಸೂಜಿ ಹಾಕುವವರಿಗೆ ತೋರಿಸದೆ ಮಲಗಬೇಡಿ.

ಭ್ರೂಣ ಇಡುವ ದಿನ ಇನ್ನೊಂದು ಸೂಕ್ಷ್ಮವಿದೆ. ಹೊಟ್ಟೆಯ ಮೇಲಿನ ಸ್ಕ್ಯಾನ್‌ನಲ್ಲಿ ಗರ್ಭಕೋಶ ಚೆನ್ನಾಗಿ ಕಾಣಲೆಂದು ಅಂದು ನೀರು ಕುಡಿದು ಮೂತ್ರ ಕಟ್ಟಿಕೊಂಡು ಬರಲು ಹೇಳುತ್ತಾರೆ. ಅದೇ ತುಂಬಿದ ಮೂತ್ರಕೋಶದ ಮೇಲೆ ‘ಟ್ರಾನ್ಸ್‌ಫರ್‌ಗೆ ಮುಂಚಿನ ಸಿಟ್ಟಿಂಗ್’ ಎಂದು ಸಿವಿ4ಕ್ಕೆ ಸೂಜಿ ಇಳಿಸುವುದು ಅಪಾಯ. ಅಂದು ಕೈ, ಕಾಲು, ಕಿವಿ, ನೆತ್ತಿಯ ಬಿಂದುಗಳಷ್ಟೇ ಸಾಕು. ಬಸುರಿಯರಿಗೆ ಎಸ್‌ಪಿ6, ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಎಲ್‌ಐ4 ಬೇಡ ಎನ್ನುವುದು ಅಕ್ಯುಪಂಕ್ಚರ್ ಪರಂಪರೆಯ ಹಳೆಯ ನಿಯಮ. 2002ರ ಆ ಜರ್ಮನ್ ಅಧ್ಯಯನದಲ್ಲಿ ಭ್ರೂಣ ಇಟ್ಟ ಮೇಲೆ ಹಾಕಿದ ಬಿಂದುಗಳಲ್ಲಿ ಇವೆರಡೂ ಇದ್ದವು. ಆ ಪಟ್ಟಿಯನ್ನೇ ಇಂದಿಗೂ ಕಣ್ಣುಮುಚ್ಚಿ ನಕಲು ಮಾಡುವವರಿದ್ದಾರೆ. ಲಾಭವೇ ಸಾಬೀತಾಗಿಲ್ಲದಾಗ ಅನುಮಾನದ ಬಿಂದುಗಳನ್ನು ಮುಟ್ಟುವ ಅಗತ್ಯವೇನು? ಇನ್ನು ವೈಟ್‌ಫೀಲ್ಡ್‌ನಲ್ಲಿ ಭ್ರೂಣ ಇಡಿಸಿಕೊಂಡು, ಸಿಲ್ಕ್ ಬೋರ್ಡ್ ದಾಟಿ, ಜಯನಗರದ ಸೂಜಿ ಕೇಂದ್ರಕ್ಕೆ ‘ನಂತರದ 25 ನಿಮಿಷ’ಕ್ಕಾಗಿ ಎರಡು ತಾಸು ಟ್ರಾಫಿಕ್‌ನಲ್ಲಿ ಕೂರುವುದು ಅನಾವಶ್ಯಕ ಹಿಂಸೆ. ಕಾರಿನ ಕುಲುಕಾಟಕ್ಕೆ ಭ್ರೂಣ ಬಿದ್ದುಹೋಗುವುದಿಲ್ಲ, ಆ ಭಯ ಬೇಡ. ಆದರೆ ಹೋಗದಿದ್ದರೆ ಕಳೆದುಕೊಳ್ಳುವುದೂ ಏನಿಲ್ಲ. ಮನೆಗೆ ಹೋಗಿ ಊಟ ಮಾಡಿ ಮಲಗಿ.

ಸೂಜಿಯ ಜೊತೆಗೆ ಕೈಗಿಡುವ ಹೆಸರಿಲ್ಲದ ಪುಡಿ, ಕಷಾಯಗಳ ಬಗ್ಗೆ ಒಂದೇ ಮಾತು: ಐವಿಎಫ್ ನಡೆಯುವಾಗ ಏನು ಬೆರೆತಿದೆಯೆಂದು ಲೇಬಲ್ ಇಲ್ಲದ ಯಾವುದನ್ನೂ ನುಂಗಬೇಡಿ.

ಗುಣವಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಚಿಕಿತ್ಸೆ ಶುರುಮಾಡುವ ಮುಂಚೆ ಒಂದು ಪೂರ್ತಿ ಮುಟ್ಟಿನ ಚಕ್ರದಲ್ಲಿ ದಿನವೂ ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕ ಬರೆದಿಡಿ. ನುಂಗಿದ ನೋವಿನ ಮಾತ್ರೆ ಎಷ್ಟು, ರಜೆ ಹಾಕಿದ ದಿನ ಎಷ್ಟು, ರಾತ್ರಿ ನಿದ್ದೆ ಕೆಟ್ಟಿತೇ ಎಂಬುದನ್ನೂ ಬರೆಯಿರಿ. ಮುಟ್ಟು ನಿರೀಕ್ಷಿಸುವ ಒಂದು ವಾರದ ಮುಂಚಿನಿಂದ ಸೂಜಿ ಶುರುಮಾಡಿ, ವಾರಕ್ಕೆ ಎರಡು ಮೂರು ಸಲದಂತೆ ಮೂರು ಚಕ್ರ ನೋಡಿ. ಅಂಕದಲ್ಲಿ ಕಡಿಮೆಯೆಂದರೆ ಎರಡರಷ್ಟು ಇಳಿಕೆಯಾಗದಿದ್ದರೆ, ಮಾತ್ರೆಯ ಲೆಕ್ಕ ಇಳಿಯದಿದ್ದರೆ, ಅಲ್ಲಿಗೆ ನಿಲ್ಲಿಸಿ. ಸಿಟ್ಟಿಂಗ್‌ಗೆ ಸಾವಿರ ರೂಪಾಯಿಯಾದರೆ ವಾರಕ್ಕೆರಡರಂತೆ 12 ವಾರಕ್ಕೆ 24 ಸಾವಿರ ಆಗುತ್ತದೆ. ಮುಂಗಡವಾಗಿ ಪೂರ್ತಿ ಹಣ ಕೇಳುವವರಿಗೆ ಕೊಡಬೇಡಿ. ಹಣ ಕೊಟ್ಟುಬಿಟ್ಟೆವಲ್ಲ ಎಂದು ಮುಂದುವರಿಸುವವರೇ ಹೆಚ್ಚು.

ಕಡೆಯದಾಗಿ ಸರ್ಕಾರಕ್ಕೆ. ಪಶ್ಚಿಮ ಬಂಗಾಳ 1996ರಲ್ಲೇ ಅಕ್ಯುಪಂಕ್ಚರ್‌ಗೆ ಕಾಯ್ದೆ ಮಾಡಿತು, ಮಹಾರಾಷ್ಟ್ರದ ಕಾಯ್ದೆ 2015ರದು. 2019ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವೂ ಮಾನ್ಯತೆಯ ಆದೇಶ ಹೊರಡಿಸಿತು. ಕರ್ನಾಟಕದಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಐದೂವರೆ ವರ್ಷ ಓದಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವಿ ಪಡೆದವರ ಪಕ್ಕದಲ್ಲೇ ವಾರಾಂತ್ಯದ ಶಿಬಿರದ ಸರ್ಟಿಫಿಕೇಟ್ ತೂಗುಹಾಕಿದವರೂ ಕೂತಿದ್ದಾರೆ, ರೋಗಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಯಾರು ಸೂಜಿ ಹಾಕಬಹುದು, ಎಷ್ಟು ಗಂಟೆಯ ತರಬೇತಿ ಬೇಕು, ದೂರು ಎಲ್ಲಿ ಕೊಡಬೇಕು ಎಂಬುದನ್ನು ನಿಗದಿಪಡಿಸುವ ನೋಂದಣಿ ಮಂಡಳಿ ಇಲ್ಲಿಗೂ ಬೇಕು. ಅಲ್ಲಿಯವರೆಗೆ ಈಗಿರುವ ಕಾನೂನುಗಳನ್ನಾದರೂ ಬಳಸಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಪ್ರಕಾರ ನೋಂದಣಿ ಪ್ರಮಾಣಪತ್ರವೂ ಶುಲ್ಕದ ಪಟ್ಟಿಯೂ ಎದ್ದು ಕಾಣುವಂತೆ ಇರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬಳಸಿದ ಸೂಜಿ ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ ಬೀಳಬೇಕು. ಬಿಬಿಎಂಪಿ ಕಾಲದಿಂದಲೂ ಬರಿಗೈಯಲ್ಲಿ ಕಸ ವಿಂಗಡಿಸುತ್ತ ಬಂದಿರುವ ಪೌರಕಾರ್ಮಿಕರ ಬೆರಳಿಗೆ ಈ ಸೂಜಿ ಚುಚ್ಚಬಾರದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಹೆಣ್ಣಿನ ಬಂಜೆತನ, ಮುಟ್ಟಿನ ತೊಂದರೆ, ಗರ್ಭಕೋಶದ ಕಾಯಿಲೆ ಮೂರೂ ಇವೆ, ಇವನ್ನು ಗುಣಪಡಿಸುತ್ತೇವೆಂದು ಪುಡಿ, ಕಷಾಯಗಳ ಜಾಹೀರಾತು ಕೊಡುವುದು ಅಪರಾಧ. ದಾರಿ ತಪ್ಪಿಸುವ ಜಾಹೀರಾತು ಕಂಡವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಐವಿಎಫ್ ಕೇಂದ್ರಗಳು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಣಿಯಾಗಿರಲೇಬೇಕು. ಆ ಕೇಂದ್ರಗಳೇ ತಮ್ಮ ಪ್ಯಾಕೇಜ್‌ನಲ್ಲಿ ಅಕ್ಯುಪಂಕ್ಚರ್ ಸೇರಿಸಿ ‘ಯಶಸ್ಸು ಹೆಚ್ಚುತ್ತದೆ’ ಎಂದು ಬಿಲ್ ಮಾಡುವುದನ್ನು ನಿಲ್ಲಿಸಬೇಕು.

ನಮ್ಮ ವೃತ್ತಿಯವರಿಗೂ ಒಂದು ಮನವಿಯಿದೆ. ಹೆಣ್ಣುಮಗಳೊಬ್ಬಳು ‘ಸೂಜಿ ಹಾಕಿಸುತ್ತಿದ್ದೇನೆ’ ಎಂದಾಗ ಸ್ತ್ರೀರೋಗ ವೈದ್ಯರು ಗದರಿದರೆ ಅವಳು ಮುಂದಿನ ಸಲ ಹೇಳುವುದೇ ಇಲ್ಲ, ಅಪಾಯ ಹೆಚ್ಚುವುದು ಆಗ. ಸೂಜಿ ಹಾಕುವವರು ಪ್ರತಿ ಸಲವೂ ಯಾವ ಬಿಂದು, ಎಷ್ಟು ಆಳ, ಎಷ್ಟು ನಿಮಿಷ ಎಂದು ಒಂದು ಹಾಳೆಯಲ್ಲಿ ಬರೆದುಕೊಡಲಿ, ಆ ಹಾಳೆ ಐವಿಎಫ್ ಫೈಲ್‌ನಲ್ಲಿ ಸೇರಲಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದ್ದು ಸ್ವಾಗತಾರ್ಹ. ಆ ರಜೆಯ ದಿನ ಹಾಸಿಗೆಯಲ್ಲಿ ಮುದುಡಿ ಮಲಗುವವರಿಗೆ ಹೋಗಲೊಂದು ಜಾಗವೂ ಬೇಕು. ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಸ್ತ್ರೀರೋಗ ವೈದ್ಯರು, ಫಿಸಿಯೊಥೆರಪಿಸ್ಟ್, ಆಯುಷ್ ವೈದ್ಯರು ಒಂದೇ ಕೋಣೆಯಲ್ಲಿ ಕೂತು ಮುಟ್ಟಿನ ತೀವ್ರ ನೋವಿನವರನ್ನು ನೋಡುವ ಹೊರರೋಗಿ ವಿಭಾಗ ತೆರೆಯಬೇಕೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸುತ್ತೇವೆ.

ಇಂತಿ,
ಒಬ್ಬ ಸ್ತ್ರೀರೋಗ ವೈದ್ಯೆ ಮತ್ತು ಒಬ್ಬ ಪ್ರಕೃತಿ ಚಿಕಿತ್ಸಾ ವೈದ್ಯೆ
ಬೆಂಗಳೂರು